ಮೊದಲ ಸ್ವರದ ಹರಾಜು

ನಮ್ಮ ಚರ್ಚಿನ ಪೈಪ್ ಆರ್ಗನ್ನನ್ನು "ಗೆದ್ದಲು ಹಿಡಿದ ಬೀರು" ಎಂದು ಮೊದಲು ಕರೆದವರು ನಮ್ಮ ಸಭೆಯ ಖಜಾಂಚಿ. ಅವರು ಅದನ್ನು ನನ್ನ ಬೆನ್ನ ಹಿಂದೆ ಹೇಳಲಿಲ್ಲ. ಸಭೆಯ ವಾರ್ಷಿಕ ಕೂಟದಲ್ಲಿ, ಮೈಕು ಹಿಡಿದುಕೊಂಡು, ನನ್ನ ಮುಖ ನೋಡುತ್ತಲೇ ಹೇಳಿದರು. ಆ ಮಾತಿಗೆ ನಕ್ಕವರು ಯಾರು ಯಾರೆಂಬುದು ನನಗೆ ಇಂದಿಗೂ ನೆನಪಿದೆ. ಅವರಲ್ಲಿ ಇಬ್ಬರ ಮದುವೆಗೆ ಆ ಬೀರುವೇ ಮಂಗಳವಾದ್ಯವಾಗಿತ್ತು, ನುಡಿಸಿದವಳು ನಾನು.

ಈಗ ಊರಿನಲ್ಲಿ ಬೇರೆಯೇ ಒಂದು ಕಥೆ ಓಡಾಡುತ್ತಿದೆ. ಆರ್ಗನ್ನು ಉಳಿದದ್ದು ಖಜಾಂಚಿಗಳ ಔದಾರ್ಯದಿಂದ ಎಂದು ಆ ಕಥೆ ಹೇಳುತ್ತದೆ. ಅದರಲ್ಲಿ ಒಂದು ಪಾಲು ಸತ್ಯವಿದೆ, ಆ ಪಾಲನ್ನು ನಾನು ಮುಚ್ಚಿಡುವುದಿಲ್ಲ. ಉಳಿದ ಪಾಲುಗಳನ್ನೂ ಯಾರಾದರೂ ಬರೆದಿಡಬೇಕಾದ್ದರಿಂದ ಬರೆಯುತ್ತಿದ್ದೇನೆ.

ಚರ್ಚು ಇರುವುದು ಶ್ರೀರಂಗಪಟ್ಟಣದಿಂದ ಪಾಂಡವಪುರದ ಕಡೆಗೆ ಹೋಗುವ ದಾರಿಯಲ್ಲಿ, ನಾಲೆಯ ಏರಿಗೆ ಅಂಟಿಕೊಂಡಂತೆ. ಆರ್ಗನ್ನು ಹಡಗಿನಲ್ಲಿ ಬಂದು, ಆಮೇಲೆ ಎತ್ತಿನ ಗಾಡಿಯಲ್ಲಿ ಬಂದು, ನನ್ನ ಅಜ್ಜ ಹುಟ್ಟುವುದಕ್ಕೂ ಮೊದಲು ಅಲ್ಲಿ ನೆಲೆಯಾದದ್ದು. ತೇಗದ ಚೌಕಟ್ಟು, ಬೆರಳಿನಿಂದ ಒತ್ತುವ ಎರಡು ಸಾಲು ಮನೆಗಳು, ಕಾಲಿನಡಿಗೆ ಮರದ ಪಟ್ಟಿಗಳು, ಮುಂಭಾಗದಲ್ಲಿ ಬೂದುಬೆಳ್ಳಿ ಬಣ್ಣದ ಕೊಳವೆಗಳು. ಒಳಗೆ ಕುರಿಯ ಚರ್ಮ ಹೊದಿಸಿದ ದೊಡ್ಡ ತಿದಿ. ಆಮೇಲೆ ಕೂಡಿಸಿದ ಮೋಟಾರು ಆ ತಿದಿಗೆ ಗಾಳಿ ತುಂಬುತ್ತದೆ. ಮನೆಯನ್ನು ಒತ್ತಿದಾಗ ಗಾಳಿ ಕೊಳವೆಗೆ ನುಗ್ಗಿ ಸ್ವರವಾಗುತ್ತದೆ. ಕಮ್ಮಾರನ ಕುಲುಮೆಗೂ ಇದಕ್ಕೂ ತತ್ತ್ವ ಒಂದೇ. ಇದನ್ನು ನನಗೆ ಕಲಿಸಿದವರು ನನ್ನ ಸೋದರತ್ತೆ. ಅವರ ತರುವಾಯ ಆರ್ಗನ್ನಿನ ಮುಂದಿನ ಪೀಠದ ಮೇಲೆ ಕುಳಿತವಳು ನಾನೊಬ್ಬಳೇ. ಕೆ.ಆರ್. ಪೇಟೆಯ ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತಿದ್ದ ಅಷ್ಟೂ ವರ್ಷ ಪ್ರತಿ ಶನಿವಾರ ಸಂಜೆ ಬಸ್ಸು ಹತ್ತಿ ಬಂದು, ಭಾನುವಾರ ನುಡಿಸಿ, ಸೋಮವಾರದ ಮೊದಲ ಬಸ್ಸಿಗೆ ಹಿಂದಿರುಗುತ್ತಿದ್ದೆ. ಇದಕ್ಕಾಗಿ ಯಾರೂ ಒಂದು ಟಿಕೆಟ್ಟಿನ ಹಣವನ್ನೂ ಕೊಟ್ಟಿಲ್ಲ, ನಾನು ಕೇಳಿಯೂ ಇಲ್ಲ.

ಒಂದು ಈಸ್ಟರ್ ಬೆಳಿಗ್ಗೆ ಮೊದಲ ಕೀರ್ತನೆಯ ಎರಡನೆಯ ಚರಣದಲ್ಲಿ ತಿದಿಯ ಚರ್ಮ ಬಿರಿಯಿತು. ಸ್ವರಗಳು ಒಂದೊಂದಾಗಿ ಕುಸಿದವು. ಹಿಂದಿನ ಸಾಲಿನಿಂದ ಯಾರೋ, "ಬಸ್ಸು ಪಂಚರ್ರು ಕಣ್ರಪ್ಪಾ, ಎಲ್ರೂ ಇಳ್ಕಳಿ" ಎಂದರು. ಇಡೀ ಸಭೆ ನಕ್ಕಿತು. ಉಳಿದ ಚರಣಗಳನ್ನು ಜನರು ವಾದ್ಯವಿಲ್ಲದೆ, ಮೂರು ಬೇರೆ ಬೇರೆ ಶ್ರುತಿಗಳಲ್ಲಿ ಹಾಡಿ ಮುಗಿಸಿದರು.

ವಾರ್ಷಿಕ ಕೂಟ ನಡೆದದ್ದು ಅದಾದ ಮೇಲೆ. ಖಜಾಂಚಿಗಳು ಕಟ್ಟಡದ ಕಂಟ್ರಾಕ್ಟರು. ಲೆಕ್ಕದಲ್ಲಿ ಚೊಕ್ಕ, ಮಾತಿನಲ್ಲಿ ಒರಟು. ಅವರ ವಾದ ಸರಳವಾಗಿತ್ತು.

"ಮಿಸ್ಸೇ, ಈ ಬೀರು ರಿಪೇರಿಗೆ ಸುರಿಯೋ ದುಡ್ನಲ್ಲಿ ಎಂತಾ ಕೀಬೋರ್ಡು ಬತ್ತದೆ ಗೊತ್ತಾ? ಒಂದು ಬಟನ್ ಒತ್ತುದ್ರೆ ಆರ್ಗನ್ನು, ಇನ್ನೊಂದು ಒತ್ತುದ್ರೆ ಶಹನಾಯಿ, ಮತ್ತೊಂದು ಒತ್ತುದ್ರೆ ತಬಲ. ಯಾವ್ದು ಬೇಕೋ ಒತ್ಕಳಿ."

"ನಮಗೆ ಬೇಕಾದದ್ದು ಆರ್ಗನ್ನು. ಅದು ನಮ್ಮಲ್ಲಿ ಇದೆ" ಎಂದೆ.

"ಇರೋದು ನಿಮ್ಗೆ ಕುಂತ್ಕಳಕೆ ಒಂದು ಪೀಠ. ಅದ್ನ ಬೇಕಾದ್ರೆ ನಿಮ್ಮನೆಗೆ ಕಳಿಸ್ಕೊಡ್ತೀವಿ ಬುಡಿ."

ಮತ್ತೆ ನಗು. ನಮ್ಮ ಸಭಾಪಾಲಕರು, ಅಂದರೆ ಪಾದ್ರಿಗಳು, ಎಳೆಯ ವಯಸ್ಸಿನವರು, ಜಗಳವೆಂದರೆ ಹೆದರುವವರು. ಅವರು ನಡುವೆ ಬಂದು ಒಂದು ತೀರ್ಮಾನ ಮಾಡಿಸಿದರು. ಸುಗ್ಗಿಯ ಹಬ್ಬದ ಹರಾಜು ಮುಗಿಯುವಷ್ಟರಲ್ಲಿ ದುರಸ್ತಿಯ ಪೂರ್ತಿ ಹಣ ಕೂಡಿದರೆ ಆರ್ಗನ್ನು ಉಳಿಯುತ್ತದೆ. ಕೂಡದಿದ್ದರೆ ಕೊಳವೆಗಳು ಪಾತ್ರೆ ಅಂಗಡಿಗೆ, ತೇಗ ಬಡಗಿಗೆ. ಆ ಜಾಗಕ್ಕೆ ಸ್ಪೀಕರ್ ಪೆಟ್ಟಿಗೆಗಳು. ಎಲ್ಲರೂ ಕೈ ಎತ್ತಿದರು. ನಾನೂ ಎತ್ತಿದೆ, ಬೇರೆ ದಾರಿ ಇರಲಿಲ್ಲ.

ಅಂದಿನಿಂದ ನಾನು ನಾಲ್ಕು ತಾಲ್ಲೂಕು ತಿರುಗಿದೆ. ಬೇಡುವುದರಲ್ಲಿ ನನಗೆ ಅಭ್ಯಾಸವಿರಲಿಲ್ಲ. ಪಾಂಡವಪುರದಲ್ಲಿ ನಮ್ಮದೇ ಸಭೆಯ ಒಬ್ಬ ಅನುಕೂಲಸ್ಥರು ಬಾಗಿಲಲ್ಲೇ ನಿಲ್ಲಿಸಿಕೊಂಡು ಕೇಳಿದರು:

"ಕೊಡ್ತೀನಿ, ಆದ್ರೆ ಆ ದೊಡ್ಡ ಕೊಳ್ವೆ ಮ್ಯಾಲೆ ನಮ್ಮಪ್ಪಾರ ಹೆಸ್ರು ಬರ್ಸಕಾಯ್ತದಾ? ಕೆಂಪು ಪೇಂಟ್ನಲ್ಲಿ. ಚರ್ಚ್ನಾಗೆ ಫ್ಯಾನಿನ ರೆಕ್ಕೆ ಮ್ಯಾಲೆ ಬರ್ಸಿವಲ್ಲ, ಅಂಗೆ."

ಫ್ಯಾನಿನ ರೆಕ್ಕೆಯ ಮೇಲಿನ ಹೆಸರು ಫ್ಯಾನು ತಿರುಗುವಾಗ ಯಾರಿಗೂ ಕಾಣದು, ಅದೇ ಅದರ ಗುಣ ಎಂದು ಹೇಳಬೇಕೆನಿಸಿತು. ಬಣ್ಣ ಬಳಿದರೆ ಸ್ವರ ಕೆಡುತ್ತದೆ ಎಂದಷ್ಟೇ ಹೇಳಿದೆ. ಅವರು ಬಾಗಿಲು ಮುಚ್ಚಿದರು. ಕುಡಿಯಲು ನೀರು ಬೇಕೇ ಎಂದೂ ಕೇಳಲಿಲ್ಲ. ಅದು ಮೇ ತಿಂಗಳ ಮಧ್ಯಾಹ್ನ.

ಕೆ.ಆರ್. ಪೇಟೆಯಲ್ಲಿ ನನ್ನ ಹಳೆಯ ವಿದ್ಯಾರ್ಥಿಗಳಿದ್ದಾರೆ. ಬಸ್ ನಿಲ್ದಾಣದ ಎದುರು ಹೋಟೆಲು ಇಟ್ಟಿರುವ ಒಬ್ಬ ನನ್ನನ್ನು ಕಂಡೊಡನೆ ಗಲ್ಲೆಯಿಂದ ಎದ್ದು ಬಂದ. ದೋಸೆ ಹಾಕಿಸಿದ, ಕಾಫಿ ಕೊಡಿಸಿದ. ಎಲ್ಲವನ್ನೂ ಕೇಳಿ ಐನೂರರ ಒಂದು ನೋಟು ತೆಗೆದು ಮೇಜಿನ ಮೇಲಿಟ್ಟ. ನಮ್ಮ ಕಡೆ ಯಾವ ಒಳ್ಳೆಯ ಕೆಲಸಕ್ಕೂ ಹೀಗೆ ಸೊನ್ನೆಯಲ್ಲಿ ಮುಗಿಯುವ ಮೊತ್ತ ಕೊಡುವುದಿಲ್ಲ. ಮೇಲೊಂದು ರೂಪಾಯಿ ಇರಲೇಬೇಕು. ನಾನು ನೋಟನ್ನೂ ಅವನನ್ನೂ ನೋಡಿದೆ.

"ಆ ಒಂದ್ರುಪಾಯಿ ಬೇಕೂಂತ್ಲೇ ಇಟ್ಟಿಲ್ಲ ಮಿಸ್ಸೇ" ಎಂದ. "ಎಸ್ಸೆಸ್ಸೆಲ್ಸಿ ಪ್ರಿಪರೇಟ್ರಿಲಿ ಪಾಸಾಗಕೆ ಒಂದೇ ಒಂದು ಮಾರ್ಕು ಬೇಕಿತ್ತು. ಕಾಲಿಡ್ಕಂಡು ಕೇಳ್ದೆ. ಕೊಡ್ನಿಲ್ಲ ನೀವು. ಆ ಲೆಕ್ಕಕ್ಕೆ ವಜಾ."

"ಆ ಉತ್ತರಕ್ಕೆ ಮಾರ್ಕು ಇರಲಿಲ್ಲ. ಇಂದು ತಿದ್ದಿದರೂ ಅಷ್ಟೇ ಕೊಡುತ್ತೇನೆ."

"ಕೊಡಕಿಲ್ಲ ಅಂತ ಗೊತ್ತು ಕಣವ್ವ! ಅದ್ಕೇ ನಾನೂ ಕೊಡಕಿಲ್ಲ" ಎಂದು ಗಹಗಹಿಸಿ ನಕ್ಕ. ದೋಸೆಯ ಹಣವನ್ನು ಮಾತ್ರ ತೆಗೆದುಕೊಳ್ಳಲಿಲ್ಲ. ಇಂಥವನ ಮೇಲೆ ನನಗೆ ಸಿಟ್ಟಿಲ್ಲ. ಅವನು ಲೆಕ್ಕವನ್ನು ನೇರವಾಗಿ ಚುಕ್ತಾ ಮಾಡಿದ.

ನಾಗಮಂಗಲದಲ್ಲಿ ಒಬ್ಬ ತೆಂಗಿನಕಾಯಿ ವ್ಯಾಪಾರಿ ಇದ್ದಾರೆ, ಮುಸಲ್ಮಾನರು, ನನಗಿಂತ ಹತ್ತು ವರ್ಷ ಕಿರಿಯರಿರಬಹುದು. ಅವರ ಮಗಳಿಗೆ ನಾನು ಮನೆಪಾಠ ಹೇಳಿದ್ದೆ. ಮಂಡಿಯ ಮುಂದೆ ಕೊಬ್ಬರಿ ಹರಡಿ ಕುಳಿತಿದ್ದವರು ನನ್ನ ಮಾತನ್ನು ಕೊನೆಯವರೆಗೂ ಕೇಳಿ ಒಂದೇ ಪ್ರಶ್ನೆ ಹಾಕಿದರು.

"ಮಿಸ್ಸಮ್ಮಾ, ಇದು ಊದೋ ಸಾಮಾನೋ, ಬಾರ್ಸೋ ಸಾಮಾನೋ?"

"ಗಾಳಿ ಊದುತ್ತದೆ, ನಾನು ಬಾರಿಸುತ್ತೇನೆ."

"ಅಂಗಾದ್ರೆ ಪೂರಾ ಮೆಹನತ್ತು ಗಾಳೀದೆಯಾ. ಎಸ್ರು ಮಾತ್ರ ನಿಮ್ದು" ಎಂದು ಕೀಟಲೆ ಮಾಡಿದರು. ಚಹಾ ತರಿಸಿದರು. ಪಾಂಡವಪುರದ ಆ ಮನೆಯವರು ಕೊಡಬಹುದಾಗಿದ್ದ ಮೊತ್ತವನ್ನು ಇವರು ಯಾವ ಬಣ್ಣವನ್ನೂ ಕೇಳದೆ ಕೊಟ್ಟರು. ಸುಗ್ಗಿಯ ಹಬ್ಬದ ಹರಾಜಿಗೆ ಬರಬೇಕೆಂದು ನಾನು ಆಹ್ವಾನವಿತ್ತೆ. "ಕುಂಬಳಕಾಯಿ ಸಸ್ತಾ ಸಿಕ್ತದಾ?" ಎಂದು ಕೇಳಿದರು. ಸಿಗುವುದಿಲ್ಲ ಎಂದು ನಿಜವನ್ನೇ ಹೇಳಿದೆ.

ಹೀಗೆ ಹಣ ಹತ್ತಿರ ಹತ್ತಿರ ಕೂಡುತ್ತ ಬಂದಿತ್ತು. ಬೆಂಗಳೂರಿನ ದುರಸ್ತಿಗಾರರು ಒಮ್ಮೆ ಬಂದು ತಿದಿಯನ್ನು ನೋಡಿ ಅಂದಾಜು ಹೇಳಿ ಹೋಗಿದ್ದರು; ಕೊಳವೆಗಳನ್ನು ನೋಡಲು ಸೋಮವಾರ ಮತ್ತೆ ಬರುವವರಿದ್ದರು. ಅದರ ಹಿಂದಿನ ಶನಿವಾರ ನಾನು ನಾಗಮಂಗಲದಲ್ಲಿದ್ದೆ. ಭಾನುವಾರ ಬೆಳಿಗ್ಗೆ ಚರ್ಚಿನ ಬಾಗಿಲು ದಾಟಿದವಳು ಅಲ್ಲೇ ನಿಂತುಬಿಟ್ಟೆ. ಕೊಳವೆಗಳು ಕಣ್ಣು ಕುಕ್ಕುವಂತೆ ಹೊಳೆಯುತ್ತಿದ್ದವು. ಅದಕ್ಕಿಂತ ಹೆಚ್ಚಾಗಿ, ಎಡದಿಂದ ಬಲಕ್ಕೆ ಮೆಟ್ಟಿಲಿನಂತೆ, ಗಿಡ್ಡದ್ದರಿಂದ ಉದ್ದದ್ದರವರೆಗೆ, ಒಂದೂ ಸಾಲು ತಪ್ಪದೆ ನಿಂತಿದ್ದವು.

ಸ್ತ್ರೀ ಸಂಘದ ಅಧ್ಯಕ್ಷೆ ನನ್ನ ತಮ್ಮನ ಹೆಂಡತಿ. ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಬಂದಳು.

"ಎಂಗದೆ ಅಕ್ಕಯ್ಯ? ಬೆಂಗ್ಳೂರಿಂದ ಬರೋರ್ ಮುಂದೆ ನಮ್ ಮರ್ಯಾದೆ ಓಗ್ಬಾರ್ದು ಅಂತ ಎಲ್ರೂ ಸೇರ್ಕಂಡು ಹುಣಿಸೆಅಣ್ಣು, ಬೂದಿ ಆಕಿ ತಿಕ್ಕಿದ್ವಿ. ನಮ್ಮನೆ ತಂಬಿಗೇನೂ ಇಂಗೆ ಒಳೆಯಕಿಲ್ಲ."

"ಇವನ್ನು ಈ ಸಾಲಿನಲ್ಲಿ ನಿಲ್ಲಿಸಿದ್ದು ಯಾರು?"

"ಮೊದ್ಲು ಎಂಗೆಂಗೋ ನಿಂತಿದ್ವು. ಒಂದು ಉದ್ದ, ಒಂದು ಗಿಡ್ಡ, ಮಧ್ಯಕ್ಕೊಂದು ದೊಡ್ದು. ನೋಡಕ್ಕೇ ಒಂತರಾ. ನೀವೇ ಸ್ಕೂಲ್ನಾಗೆ ಪ್ರೇಯರ್ಗೆ ಐಕ್ಳನ್ನ ನಿಲ್ಲಿಸ್ತಿರ್ನಿಲ್ವಾ, ಗಿಡ್ಡದ್ದು ಮುಂದೆ ಉದ್ದದ್ದು ಇಂದೆ ಅಂತ? ಅಂಗೇ ನಿಲ್ಸುದ್ವಿ."

ಆರ್ಗನ್ನಿನ ಕೊಳವೆಗಳು ಪ್ರಾರ್ಥನೆಗೆ ನಿಂತ ಮಕ್ಕಳಲ್ಲ. ಪ್ರತಿಯೊಂದಕ್ಕೂ ಅದರದೇ ರಂಧ್ರವಿದೆ. ಭಾರ ಎರಡೂ ಬದಿಗೆ ಸಮನಾಗಿ ಹಂಚಿಹೋಗಲೆಂದು ಅವುಗಳನ್ನು ಉದ್ದ ಗಿಡ್ಡ ಬೆರೆಸಿಯೇ ನಿಲ್ಲಿಸಿರುತ್ತಾರೆ. ಅವು ಹಿತ್ತಾಳೆಯೂ ಅಲ್ಲ. ತವರ ಮತ್ತು ಸೀಸ ಬೆರೆಸಿದ ಮೆದು ಲೋಹ. ತೆಂಗಿನ ನಾರಿನಿಂದ ತಿಕ್ಕಿದ್ದಕ್ಕೆ ಕೆಲವುಗಳಲ್ಲಿ ಸ್ವರ ಹೊರಡುವ ಸೀಳಿನ ತುಟಿ ಬಾಗಿತ್ತು. ಇವೆಲ್ಲವನ್ನೂ ನಾನು ಅಲ್ಲಿ ಹೇಳಿದೆ, ಸ್ವಲ್ಪ ಗಟ್ಟಿಯಾಗಿಯೇ ಹೇಳಿದೆ. ಒಂದು ಇಡೀ ಶನಿವಾರ ಬೆನ್ನು ಬಗ್ಗಿಸಿ ದುಡಿದ ಹೆಂಗಸರು ಮುಖ ಮುಖ ನೋಡಿಕೊಂಡರು. ನನ್ನ ತಮ್ಮನ ಹೆಂಡತಿ, "ಅಂಗಾದ್ರೆ ಇಷ್ಟ್ ವರ್ಸ ಅದ್ನ ಒಂದಿನಾನೂ ನಮ್ಗೆ ಯಾಕ್ ಏಳ್ನಿಲ್ಲ ನೀವು?" ಎಂದು ಕೇಳಿ ಹೊರಗೆ ಹೋದಳು. ಅವಳ ಪ್ರಶ್ನೆ ನನಗೆ ಹಿಡಿಸಲಿಲ್ಲ. ಯಾರೂ ಕೇಳದ ಪಾಠವನ್ನು ನಾನು ಹೇಳುವುದಾದರೂ ಯಾರಿಗೆ?

ಸೋಮವಾರ ಬಂದ ದುರಸ್ತಿಗಾರರು ನೋಡಿದರು, ನಕ್ಕರು, ಅಂದಾಜನ್ನು ಏರಿಸಿದರು. ಮಾತನ್ನೆಲ್ಲ ಸಭಾಪಾಲಕರೊಡನೆಯೇ ಆಡಿದರು. ನುಡಿಸುವವಳು ಎದುರಿಗೇ ನಿಂತಿದ್ದರೂ ನನ್ನನ್ನು ಒಂದು ಮಾತೂ ಕೇಳಲಿಲ್ಲ. ಮುಂದೆ ಕೆಲಸ ಒಳ್ಳೆಯದಾಗಿ ಮಾಡಿದರು ಎಂಬ ಕಾರಣಕ್ಕೆ ಇದನ್ನು ಇಷ್ಟಕ್ಕೇ ಬಿಡುತ್ತೇನೆ. ಕೂಡಿಬಂದಿದ್ದ ಹಣ ಈಗ ಸಾಲದಾಯಿತು. ಉಳಿದದ್ದು ಹರಾಜು ಮಾತ್ರ.

ಸುಗ್ಗಿಯ ಹಬ್ಬದ ಹರಾಜು ಕಾಣದವರಿಗೆ ಒಂದು ಮಾತು. ಸಭೆಯವರು ತಮ್ಮ ಬೆಳೆಯ ಮೊದಲ ಫಲವನ್ನು ತಂದು ಬಲಿಪೀಠದ ಮುಂದೆ ಇಡುತ್ತಾರೆ: ಕಬ್ಬಿನ ಜಲ್ಲೆ, ಬೆಲ್ಲದ ಅಚ್ಚು, ಬಾಳೆಗೊನೆ, ರಾಗಿ, ಕುಂಬಳ, ಕಾಲು ಕಟ್ಟಿದ ಹುಂಜ. ಆರಾಧನೆಯ ಬಳಿಕ ಎಲ್ಲವೂ ಚರ್ಚಿನ ಅಂಗಳದಲ್ಲಿ ಹರಾಜಾಗುತ್ತದೆ. ಕೊಂಡವರು ಅದನ್ನು ಮನೆಗೆ ಒಯ್ಯಬಹುದು. ಒಯ್ಯದೆ ಮತ್ತೆ ಹರಾಜಿಗೇ ಕೊಟ್ಟರೆ ಅದು ಹೆಚ್ಚಿನ ಗೌರವ. ಹಾಗಾಗಿ ಒಂದೇ ಹುಂಜ ಮೂರು ನಾಲ್ಕು ಸಲ ಮಾರಾಟವಾಗಿ, ಕೊನೆಗೆ ಯಾರ ಕೈಗೆ ಬರುತ್ತದೋ ಅವರನ್ನು ಕುಕ್ಕುತ್ತದೆ.

ಆ ವರ್ಷ ಹರಾಜು ಕೂಗಿದವನು ನಮ್ಮ ಸಭೆಯ ಒಬ್ಬ ಲಾರಿ ಮಾಲೀಕ, ಮೈಕಿನ ಅಗತ್ಯವಿಲ್ಲದ ಗಂಟಲು. ಸ್ತ್ರೀ ಸಂಘದವರು ತಾವೇ ಮಾಡಿದ ಕಜ್ಜಾಯವನ್ನು ತಾವೇ ದುಪ್ಪಟ್ಟು ಬೆಲೆಗೆ ಕೊಂಡರು. ನನ್ನ ತಮ್ಮನ ಹೆಂಡತಿ ನನ್ನ ಕಡೆ ನೋಡದೆಯೇ ಎರಡು ಬಾರಿ ಸವಾಲು ಹಾಕಿದಳು. ನಾನು ಕರೆದಂತೆಯೇ ನಾಗಮಂಗಲದ ಆ ತೆಂಗಿನಕಾಯಿ ವ್ಯಾಪಾರಿಗಳೂ ಬಂದು ಹಿಂದಿನ ಕುರ್ಚಿಯಲ್ಲಿ ಕುಳಿತಿದ್ದರು. ಒಂದು ಕುಂಬಳಕಾಯಿ ಕೊಂಡು, ಅದರ ಬೆಲೆಗೆ ತಲೆಯ ಮೇಲೆ ಕೈಯಿಟ್ಟುಕೊಂಡು ಎಲ್ಲರನ್ನೂ ನಗಿಸಿದರು. ಅಂಗಳದಲ್ಲಿದ್ದ ಸರಕೆಲ್ಲ ಮುಗಿಯಿತು. ಖಜಾಂಚಿಗಳು ಲೆಕ್ಕ ಕೂಡಿ, ಮತ್ತೊಮ್ಮೆ ಕೂಡಿ ನೋಡಿ, ತಲೆ ಅಲ್ಲಾಡಿಸಿದರು. ಹಣ ಸಾಲದು.

"ನಿಯಮ ನಿಯಮವೇಯ" ಎಂದರು. "ನಾನಲ್ಲ, ಸಭೆ ಮಾಡಿದ್ದು."

ಆಗ ಲಾರಿ ಮಾಲೀಕ ಹಾರೆಯಂಥ ತನ್ನ ಕೈ ಎತ್ತಿದ. "ತಡೀರಿ, ಇನ್ನೊಂದು ಐಟಂ ಅದೆ! ನಮ್ಮೂರ್ ಕಡೆ ಹಬ್ಬದಲ್ಲಿ ತೇರಿನ ಬಾವುಟ ಅರಾಜು ಕೂಗಕಿಲ್ವಾ? ಅಂಗೇ ಇದು. ಆರ್ಗನ್ನು ರಿಪೇರಿ ಆದ್ಮೇಲೆ ಅದರ ಮೊದಲ್ನೇ ಸ್ವರ! ಯಾರ್ ಬೆರ್ಳಲ್ಲಿ ಒತ್ತಬೇಕು? ಕೂಗಿ ಸವಾಲು!"

ಅಂಗಳದಲ್ಲಿ ಗುಜುಗುಜು ಎದ್ದಿತು. ನಾನು ಎದ್ದು ನಿಂತೆ. ಆ ವಾದ್ಯದ ಮೊದಲ ಸ್ವರ ಯಾರದೆಂಬ ಪ್ರಶ್ನೆ ಇಷ್ಟು ವರ್ಷಗಳಲ್ಲಿ ಒಮ್ಮೆಯೂ ಹುಟ್ಟಿರಲಿಲ್ಲ. ಕಬ್ಬು ಬೆಲ್ಲಗಳ ಜೊತೆ ಅದನ್ನೂ ಮಾರುವುದೆಂದರೆ ನನ್ನನ್ನೇ ಎತ್ತಿ ಅಂಗಳದಲ್ಲಿಟ್ಟಂತೆ ಎಂದು ನನಗನಿಸಿತು. ಸಭಾಪಾಲಕರು ಹತ್ತಿರ ಬಂದು ತಗ್ಗಿದ ದನಿಯಲ್ಲಿ ಕೇಳಿದರು:

"ಅಮ್ಮಾ, ನೀವು ಬೇಡ ಅಂದರೆ ಈಗಲೇ ನಿಲ್ಲಿಸಿಬಿಡುತ್ತೇನೆ. ನೀವು ಹೇಳಿದಂತೆ."

ಬೇಡ ಎನ್ನುವುದಕ್ಕೆ ನನಗೆ ಪೂರ್ತಿ ಹಕ್ಕಿತ್ತು. ಬೇಡವೆಂದಿದ್ದರೆ ಮುಂದಿನ ವಾರ ಪಾತ್ರೆ ಅಂಗಡಿಯವನು ಬರುತ್ತಿದ್ದ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಖಜಾಂಚಿಗಳೂ ನೋಡುತ್ತಿದ್ದರು, ಪೀಠದ ಮಾತು ಆಡಿದಾಗ ಇದ್ದ ಅದೇ ಅರ್ಧ ನಗೆ. ನಾನು "ಕೂಗಲಿ" ಎಂದು ಹೇಳಿ ಕುಳಿತುಕೊಂಡೆ.

ಮೊದಲು ಕೂಗಿದವರು ನಾಗಮಂಗಲದ ವ್ಯಾಪಾರಿಗಳು. ಸಭೆ ಬೆರಗಾಯಿತು. ಖಜಾಂಚಿಗಳು ತಟ್ಟನೆ ತಿರುಗಿದರು.

"ಸಾಯಬ್ರೇ, ಇದು ನಮ್ಮ ಚರ್ಚಿಂದು."

"ಅರಾಜು ಅಂದ್ಮ್ಯಾಲೆ ಯಾರ್ದಾದ್ರೇನು ಸ್ವಾಮಿ? ಕುಂಬಳಕಾಯ್ಗೆ ಬ್ಯಾಡ ಅಂದ್ರಾ ನನ್ನ? ಅದ್ಕೆ ಮೆಲ್ಲಗೆ ಏರಿಸ್ಕಂಡು ಓದ್ರಿ!"

ಜನ ಹೋ ಎಂದರು. ಖಜಾಂಚಿಗಳು ಮುಖ ಕೆಂಪಗೆ ಮಾಡಿಕೊಂಡು ಅದರ ಮೇಲೆ ಒಂದು ಮೊತ್ತ ಕೂಗಿದರು. ವ್ಯಾಪಾರಿಗಳು ಇನ್ನೊಂದಿಷ್ಟು ಸೇರಿಸಿದರು. ಯಾವ ವಾದ್ಯವನ್ನು ಬೀರು ಎಂದು ಕರೆದಿದ್ದರೋ ಅದರ ಒಂದು ಸ್ವರಕ್ಕಾಗಿ ನಮ್ಮ ಖಜಾಂಚಿಗಳು ಮತ್ತೆ ಮತ್ತೆ ಏರಿದರು; ಇಳಿಯಲು ಅವರಿಗೆ ದಾರಿಯೇ ಇರಲಿಲ್ಲ. ಅವರ ಹೆಂಡತಿ ಹಿಂದಿನಿಂದ ಅಂಗಿ ಜಗ್ಗಿ, "ಸಾಕು ಬುಡಿ, ಮನೆ ಮಠ ಬರ್ಕೊಟ್ಬುಟ್ಟೀರಾ" ಎಂದದ್ದು ಮೂರು ಸಾಲು ಆಚೆಗೂ ಕೇಳಿಸಿತು. ಬೇಕಾದ ಮೊತ್ತವನ್ನು ದಾಟಿದ ಮೇಲೆ ವ್ಯಾಪಾರಿಗಳು ಕೈ ಮುಗಿದು ಕುಳಿತರು. ಲಾರಿ ಮಾಲೀಕ ಮೂರು ಸಲ ಕೂಗಿದ. ಮೊದಲ ಸ್ವರ ಖಜಾಂಚಿಗಳದಾಯಿತು.

ಹೊರಡುವಾಗ ವ್ಯಾಪಾರಿಗಳನ್ನು ಕೇಳಿದೆ: "ಬೇಕೆಂದೇ ಏರಿಸಿದಿರಾ?"

"ಇಲ್ಕಣಮ್ಮ. ಆ ಕೊಳ್ವೆ ಎಂಗ್ ಕೂಗ್ತದೆ ಅಂತ ನಂಗೂ ಒಂಸಲ ಒತ್ತಿ ನೋಡೋ ಆಸೆ ಇತ್ತು. ಅವ್ರ ಮೊಕ ನೋಡಿ ಬುಟ್ಟೆ. ಅವ್ರಿಗೆ ಜಾಸ್ತಿ ಬೇಕಿತ್ತು." ಅವರು ಕುಂಬಳಕಾಯಿಯನ್ನು ಕಂಕುಳಲ್ಲಿಟ್ಟುಕೊಂಡು ಬಸ್ಸು ಹತ್ತಿದರು.

ದುರಸ್ತಿ ಮುಗಿದ ಮೇಲಿನ ಮೊದಲ ಭಾನುವಾರ ಖಜಾಂಚಿಗಳು ಕೋಟು ತೊಟ್ಟು, ನೆಂಟರಿಷ್ಟರನ್ನೂ ಒಬ್ಬ ಫೋಟೋದವನನ್ನೂ ಕರೆದುಕೊಂಡು ಬಂದರು. ಪೀಠದ ಮೇಲೆ ಕುಳಿತರು. ನಾನು ಪಕ್ಕದಲ್ಲಿ ನಿಂತಿದ್ದೆ. ಅವರು ಮನೆಗಳನ್ನು ನೋಡಿದರು, ಕೈ ಮೇಲೆತ್ತಿದರು, ಎಲ್ಲಿಯೂ ಇಳಿಸಲಾಗದೆ ನನ್ನ ಕಡೆ ತಿರುಗಿ ಪಿಸುಗುಟ್ಟಿದರು:

"ಯಾವ್ದನ್ನ ಒತ್ಲಿ ಮಿಸ್ಸೇ?"

ಕೊಳವೆಗಳ ಸಾಲಿಗೆ ಗಾಳಿಯ ದಾರಿ ತೆರೆಯುವ, ಪಕ್ಕದಲ್ಲಿರುವ ಗುಬುಟುಗಳನ್ನು ಎಳೆಯದೆ ಬಿಟ್ಟರೆ ಯಾವ ಮನೆ ಒತ್ತಿದರೂ ಸದ್ದೇ ಬರುವುದಿಲ್ಲ. ಅದು ಅವರಿಗೆ ತಿಳಿದಿರಲಿಲ್ಲ, ನನಗೆ ತಿಳಿದಿತ್ತು. ನೆಂಟರೂ ಫೋಟೋದವನೂ ನೋಡುತ್ತಿದ್ದರು. ಆ ಒಂದು ಗಳಿಗೆಯಲ್ಲಿ ನನ್ನ ಮನಸ್ಸಿಗೆ ಏನೇನು ಬಂತೆಂಬುದನ್ನು ಬಲ್ಲವರು ಊಹಿಸಿಕೊಳ್ಳಬಹುದು. ಆದರೆ ಮೌನವಾಗುವುದು ಅವರಲ್ಲ, ಆರ್ಗನ್ನು. ಅದಕ್ಕಾಗಿ ನಾನು ನಾಲ್ಕು ತಾಲ್ಲೂಕು ತಿರುಗಿರಲಿಲ್ಲ. ಅತ್ಯಂತ ದೊಡ್ಡ ಕೊಳವೆಗಳ ಗುಬುಟನ್ನು ಎಳೆದು, ಎಡತುದಿಯ ಮನೆಯನ್ನು ತೋರಿಸಿದೆ.

ಅವರು ಒತ್ತಿದರು. ಸ್ವರ ಮೊದಲು ನೆಲದಿಂದ ಬಂತು, ಆಮೇಲೆ ಗೋಡೆಗಳಿಂದ. ಕಿಟಕಿಯ ಗಾಜುಗಳು ಗುಂಯ್‌ಗುಟ್ಟಿದವು. ಖಜಾಂಚಿಗಳ ಬೆರಳು ಅಲ್ಲೇ ನಿಂತಿತು; ಬಾಯಿ ಅರೆತೆರೆದಿತ್ತು. ಫೋಟೋದವನು "ಇಲ್ಲಿ ನೋಡಿ ಸಾರ್" ಎಂದರೂ ತಿರುಗಲಿಲ್ಲ.

"ಬಿಡಿ" ಎಂದೆ.

"ಪೀಠ ನಡುಗ್ತಾ ಅದೆ ಮಿಸ್ಸೇ."

"ನಡುಗುತ್ತದೆ. ಸಾಕು, ಬಿಡಿ."

"ಇನ್ನೊಂಚೂರು."

ಕೊಂಡವರು ಅವರು, ಎಷ್ಟು ಹೊತ್ತು ಎಂದು ಹರಾಜಿನಲ್ಲಿ ಯಾರೂ ಕೂಗಿರಲಿಲ್ಲ. ಕಾದೆ. ಕೊನೆಗೆ ಬೆರಳು ತೆಗೆದರು. ಆದರೆ ಏಳಲಿಲ್ಲ, ಪೀಠದ ತುದಿಗೆ ಸರಿದು ಕುಳಿತರು. ಏಳಿರೆಂದು ಹೇಳಲು ನನಗೆ ಸಮಯವಿರಲಿಲ್ಲ, ಸಭೆ ಕಾಯುತ್ತಿತ್ತು. ಉಳಿದ ಜಾಗದಲ್ಲಿ ಕುಳಿತು, ಎರಡನೆಯ ಸ್ವರದಿಂದ ಮುಂದಿನದನ್ನೆಲ್ಲ ನಾನು ನುಡಿಸಿದೆ. ಕೀರ್ತನೆಯ ಮೊದಲ ಚರಣ ಅರ್ಧ ದಾಟುವವರೆಗೂ ಜನರು ಹಾಡಲು ಮರೆತು ಸುಮ್ಮನೆ ನಿಂತಿದ್ದರು. ಅದನ್ನು ನಾನು ತಪ್ಪೆಂದು ಎಣಿಸಿಲ್ಲ.